ಕೇಕಿನ ಪಿಕ್ಚರಿಗೆ ನಗುವ ಕೆಲಸ

ಬನಿಯಾಸ್, ಅಬುಧಾಬಿ
14 ಜೂನ್ 2013

ಪ್ರೀತಿಯ ನಫೀಸ,

ನೀರಿನ ವ್ಯಾನಿನ ಡ್ರೈವರ್ ನಿನ್ನ ಗಂಡ ಎಂದು ನನಗೇನು ಕನಸು ಬಿದ್ದಿತ್ತೇ? ಅವರು ದೊಡ್ಡ ಬಾಟಲಿಯನ್ನು ನಾನು ಆಗಷ್ಟೇ ಒರೆಸಿದ ನೆಲದ ಮೇಲೆ ಎಳೆದುಕೊಂಡು ಬಂದರು. ನಾನು ತುಳುವಿನಲ್ಲಿ ಬೈದೆ. ಅವರು ತುಳುವಿನಲ್ಲೇ ತಿರುಗಿಸಿ ಕೊಟ್ಟರು. ಊರು ಯಾವುದು ಎಂದು ಕೇಳುವಷ್ಟರಲ್ಲಿ ಜಗಳ ಖಲಾಸ್. ಕಿನ್ನಿಗೋಳಿ ಎಂದೆ. "ನನ್ನ ಹೆಂಡತಿಯೂ ಅಲ್ಲಿಯವಳೇ ಮಾರ್ರೆ. ಕಾನ್ವೆಂಟಿನಲ್ಲಿ ಓದಿದ್ದು ಅಂತ ದಿನಾ ಹೇಳಿ ಹೇಳಿ ನನ್ನ ತಲೆ ತಿಂತಾಳೆ" ಎಂದರು. ಹೆಸರು ಕೇಳಿದ ಮೇಲೆ ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಅಬ್ದುಲ್ ಸಲಾಂ ಅವರು ವಾರವೆಲ್ಲ ಇಲ್ಲಿ ಬನಿಯಾಸಿನ ರೂಮಿನಲ್ಲಿದ್ದು, ವಾರಕ್ಕೊಮ್ಮೆ ದುಬೈಗೆ ನಿನ್ನ ಹತ್ತಿರ ಬರುತ್ತಾರಂತಲ್ಲ. ಹಾಗಾಗಿ ಅವರೇ ನಮ್ಮ ಅಂಚೆಯಣ್ಣ. ಈ ವಿಲ್ಲಾದಲ್ಲಿ ಕೆಲಸದವರು ಮೊಬೈಲ್ ಇಟ್ಟುಕೊಳ್ಳುವ ಹಾಗಿಲ್ಲ. ಹಿಂದಿನ ನರ್ಸ್ ಈ ಮನೆಯ ಅಜ್ಜನ ವಿಡಿಯೊ ತೆಗೆದು ಫೇಸ್‌ಬುಕ್ಕಿಗೆ ಹಾಕಿದ್ದಳಂತೆ. ಶುಕ್ರವಾರ ಒಂದು ಗಂಟೆ ಫೋನ್ ಕೈಗೆ ಕೊಡುತ್ತಾರೆ. ಅದು ಊರಿನಲ್ಲಿರುವ ಮಗಳು ಲವಿಟಾಳಿಗೇ ಸಾಲುವುದಿಲ್ಲ. ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿನ್ನ ಬ್ಯಾರಿ ಭಾಷೆ ನನಗೆ ಬಾರದು, ನನ್ನ ಕೊಂಕಣಿ ನಿನಗೆ ಬಾರದು. ಸಿಸ್ಟರ್ ಹೊಡೆದು ಕಲಿಸಿದ್ದು ಮಾತ್ರ ಇಬ್ಬರ ಹತ್ತಿರವೂ ಉಳಿದಿದೆ.

ನನ್ನ ಗಂಡ ಲಿಯೊನೆಲ್ ತೀರಿಕೊಂಡದ್ದು ನಿನಗೆ ಗೊತ್ತಿರಬೇಕು. ಆಗ ಲವಿಟಾಳಿಗೆ ಹಾಲುಹಲ್ಲು ಬೀಳುತ್ತಿತ್ತು. ಅವಳನ್ನು ನನ್ನ ನಾದಿನಿ ಜೂಡಿತ್ ಕೈಯಲ್ಲಿಟ್ಟು ನಾನು ಗಲ್ಫಿಗೆ ಬಂದೆ. ಈಗ ನೋಡಿಕೊಳ್ಳುತ್ತಿರುವುದು ಮಿಸ್ಟರ್ ವಿಲ್‌ಫ್ರೆಡ್ ಎಂಬ ಇಂಗ್ಲಿಷ್ ಅಜ್ಜನನ್ನು. ಮಗ ಕೀತ್ ಇಲ್ಲಿ ದೊಡ್ಡ ಎಂಜಿನಿಯರ್. ಅಜ್ಜನಿಗೆ ಮರೆವಿನ ಕಾಯಿಲೆ. ತಾನಿನ್ನೂ ಹಳೆಯ ಕಾಲದಲ್ಲಿ, ಈಗ ಮದೀನತ್ ಜಾಯೆದ್ ಪಟ್ಟಣ ಇರುವ ಕಡೆಯ ಮರಳಿನಲ್ಲಿ, ಎಣ್ಣೆ ಹುಡುಕುವವರ ಕ್ಯಾಂಪಿನಲ್ಲಿದ್ದೇನೆ ಎಂದುಕೊಂಡಿದ್ದಾರೆ. ಆಗ ಸಂಜೆ ಹೊತ್ತು ಬೆಡ್‌ಶೀಟ್ ಕಟ್ಟಿ ಕ್ಯಾಂಪಿನವರಿಗೆ ಪಿಕ್ಚರ್ ತೋರಿಸುತ್ತಿದ್ದವರು ಇವರೇ. ಹೆಂಡತಿ ಐರಿಸ್ ಮುಂದಿನ ಕುರ್ಚಿಯಲ್ಲಿ ಕುಳಿತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳಂತೆ. ಅವಳು ಹೋಗಿ ಎಷ್ಟೋ ವರ್ಷವಾಯಿತು.

ನಾನು ಬಂದ ಹೊಸತರಲ್ಲಿ ಅಜ್ಜ ಊಟ ಬಿಟ್ಟಿದ್ದರು. ಚಮಚ ಬಾಯಿಯ ಹತ್ತಿರ ಹೋದರೆ ತಳ್ಳುವುದು. ಒಂದು ಸಂಜೆ ಕೀತ್, ಅಂದು ಕ್ಯಾಂಪಿನಲ್ಲಿ ತೋರಿಸುತ್ತಿದ್ದ ಒಂದು ಹಳೆಯ ಕಪ್ಪು-ಬಿಳುಪು ಪಿಕ್ಚರ್ ಹಾಕಿದ. ದೊಡ್ಡ ಯುದ್ಧ ಮುಗಿದ ಮೇಲಿನ ಇಂಗ್ಲೆಂಡಿನ ಕಥೆ, ಭಾರೀ ತಮಾಷೆ. ಸಕ್ಕರೆಗೆ ರೇಷನ್. ಒಂದು ಹುಡುಗಿಯ ಮದುವೆಯ ಕೇಕಿಗೆ ಇಡೀ ಹಳ್ಳಿ ಮನೆಮನೆಯಿಂದ ಚಮಚ ಚಮಚ ಸಕ್ಕರೆ ಒಟ್ಟು ಮಾಡುತ್ತದೆ. ಇನ್‌ಸ್ಪೆಕ್ಟರ್ ಬರುತ್ತಾನೆ. ಕೇಕನ್ನು ಮಗುವಿನ ಗಾಡಿಯಲ್ಲಿ, ಶವಪೆಟ್ಟಿಗೆಯಲ್ಲಿ, ಇಗರ್ಜಿಯಲ್ಲಿ ಪಾದ್ರಿಯ ಪೀಠದ ಅಡಿಯಲ್ಲಿ ಬಚ್ಚಿಡುತ್ತಾರೆ. ಕೊನೆಗೆ ಆ ಇನ್‌ಸ್ಪೆಕ್ಟರನೇ ಟೋಪಿಯ ಡಬ್ಬಿ ಎಂದುಕೊಂಡು ಕೇಕನ್ನು ಎತ್ತಿ ಮದುವೆ ಮನೆಗೆ ತಂದು ಮುಟ್ಟಿಸುತ್ತಾನೆ. ಅಲ್ಲಿ ನನಗೆ ನಗು ತಡೆಯಲಾಗಲಿಲ್ಲ. ನನ್ನ ನಗು ನಿನಗೆ ಗೊತ್ತಲ್ಲ.

ಅಜ್ಜ ತಿರುಗಿ ನನ್ನನ್ನು ನೋಡಿದರು. "ಐರಿಸ್" ಎಂದರು. ಆಮೇಲೆ ಬಾಯಿ ತೆರೆದರು. ಒಂದು ಬಟ್ಟಲು ಸೂಪು, ಎರಡು ತುಂಡು ಬ್ರೆಡ್ಡು. ಕೀತ್ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡ. ಅಂದಿನಿಂದ ದಿನಾ ಸಂಜೆ ಅದೇ ಪಿಕ್ಚರ್, ಅಲ್ಲಿಯೇ ನಗು. ನಗುವುದೇ ನನ್ನ ಕೆಲಸ ಮಾರಾಯ್ತಿ. ಯಾರಿಗುಂಟು ಯಾರಿಗಿಲ್ಲ!

ನಿನ್ನ ವಿಷಯ ಎಲ್ಲ ಬರೆ.

ನಿನ್ನದೇ ಬೆಂಚಿನ,
ಅಗಾತಾ

*

ಅಲ್ ಕುಸೈಸ್, ದುಬೈ
19 ಜುಲೈ 2013

ಅಗಾತಾ,

ಉಪವಾಸದ ತಿಂಗಳು, ಸಂಜೆಯ ಮಗ್ರಿಬ್‌ಗೆ ಇನ್ನೂ ಹೊತ್ತಿದೆ, ಸಮೋಸ ಎಲ್ಲ ಮಡಚಿಟ್ಟು ಬರೆಯುತ್ತಿದ್ದೇನೆ. ನಿನ್ನ ಪತ್ರ ಬಂದಾಗ ಇವರು ಸುಮ್ಮನೆ ಕೊಟ್ಟರೇ? "ನಿನ್ನ ಗೆಳತಿ ನನ್ನನ್ನು ಎಂತೆಂಥಾ ಮಾತಲ್ಲಿ ಬೈದಳು ಗೊತ್ತುಂಟಾ" ಎಂದು ಎಲ್ಲ ಆಡಿ ತೋರಿಸಿ ಆಮೇಲೆ ಕೊಟ್ಟರು. ಬೈದದ್ದು ಒಳ್ಳೆಯದಾಯಿತು. ನಾನು ಬೈದರೆ ಅವರಿಗೆ ಕಿವಿ ಕೇಳುವುದಿಲ್ಲ.

ನನ್ನದು ಎಂತ ಬರೆಯಲಿ? ಎರಡು ಕೋಣೆಯ ಫ್ಲಾಟು, ಅದರಲ್ಲಿ ಒಂದು ಕೋಣೆಯಲ್ಲಿ ಬೇರೆ ಸಂಸಾರ. ಕಿಟಕಿ ತೆರೆದರೆ ಎದುರಿನ ಗೋದಾಮಿನ ಗೋಡೆ. ಮಗಳು ಸಬೀನಳಿಗೆ ನಾನು ಬ್ಯಾರಿಯಲ್ಲಿ ಒಂದು ಕೇಳಿದರೆ ಇಂಗ್ಲಿಷಿನಲ್ಲಿ ಅರ್ಧ ಉತ್ತರ ಬರುತ್ತದೆ. ಉಳಿದರ್ಧ ಅವಳ ಫೋನಿಗೆ. ಇಷ್ಟು ವರ್ಷದಲ್ಲಿ ನಾನು ಮೆಟ್ರೋ ಹತ್ತಿದ್ದು ಬೆರಳಲ್ಲಿ ಎಣಿಸುವಷ್ಟು. ಯಾರೂ ಹಿಡಿದಿಟ್ಟಿಲ್ಲ. ಹೋಗುವುದು ಎಲ್ಲಿಗೆ ಎಂದು ಕುಳಿತೆ, ಕುಳಿತಲ್ಲೇ ಉಳಿದೆ.

ನಿನ್ನ ನಗುವಿನ ಕೆಲಸ ಕೇಳಿ ಬಿದ್ದು ಬಿದ್ದು ನಕ್ಕೆ. ಆಮೇಲೆ ಪಾತ್ರೆ ತೊಳೆಯುವಾಗ ಯೋಚನೆ ಬಂತು. ಒಂದು ದಿನ ನಗು ಬರದಿದ್ದರೆ? ತಲೆನೋವು ಇರುತ್ತದೆ, ಊರಿನಿಂದ ಕೆಟ್ಟ ಸುದ್ದಿ ಬಂದಿರುತ್ತದೆ. ಆಗಲೂ ನಗುತ್ತೀಯಾ? ತಮಾಷೆಗೆ ಕೇಳುತ್ತಿದ್ದೇನೆ ಎಂದುಕೊಳ್ಳಬೇಡ.

ಮಸೀದಿಯ ಬಾಂಗ್ ಕೇಳಿತು. ಏಳುತ್ತೇನೆ.

ನಫೀಸ

*

ಬನಿಯಾಸ್
6 ಸೆಪ್ಟೆಂಬರ್ 2013

ಪ್ರೀತಿಯ ನಫೀಸ,

ಲವಿಟಾಳಿಗೆ ಮದುವೆ ನಿಶ್ಚಯವಾಯಿತು! ಹುಡುಗ ಶಾನ್, ಮುಲ್ಕಿಯವನು, ಮಂಗಳೂರಿನಲ್ಲೇ ಕೆಲಸ. ಜನವರಿ ಎಂಟಕ್ಕೆ ಮದುವೆ, ಹಿಂದಿನ ದಿನ ಸಂಜೆ ರೋಸ್. ನಿಮ್ಮಲ್ಲಿ ಮದರಂಗಿ ಇದ್ದ ಹಾಗೆ ನಮ್ಮಲ್ಲಿ ರೋಸ್, ನೀನು ನಮ್ಮ ಮನೆಯ ಜಗಲಿಯಲ್ಲೇ ಒಮ್ಮೆ ನೋಡಿದ್ದೀ. ಮದುಮಗಳನ್ನು ಕುಳ್ಳಿರಿಸಿ ತಲೆಗೆ ತೆಂಗಿನ ಹಾಲು ಹಾಕಿ, ಎಣ್ಣೆ ಹಚ್ಚಿ, ಹಾಡುತ್ತಾ ಕನ್ಯಾವಸ್ಥೆಯನ್ನು ತೊಳೆದು ಕಳಿಸುವುದು. ಮೊದಲ ಕೈ ತಾಯಿಯದ್ದು. ತಾಯಿ ಹಾಕಿದ ಮೇಲೆ ಉಳಿದವರು.

ಆ ಒಂದು ಕೈ ಹಾಲಿಗಾಗಿ ನಾನು ಹೋಗಲೇಬೇಕು ನಫೀಸ. ಇಗರ್ಜಿಯಲ್ಲಿ ನಡೆದ ಅವಳ ಮೊದಲ ಕಮ್ಯುನಿಯನ್‌ಗೆ ನಾನಿರಲಿಲ್ಲ. ದೊಡ್ಡವಳಾದಾಗ ಇರಲಿಲ್ಲ, ಟೈಫಾಯ್ಡ್ ಬಂದು ಮಲಗಿದಾಗ ಇರಲಿಲ್ಲ. ಎರಡು ವರ್ಷಕ್ಕೊಮ್ಮೆ ಚಾಕೊಲೇಟು, ಪೌಡರು ಹೊತ್ತು ನೆಂಟರ ಹಾಗೆ ಹೋಗಿ ಬಂದೆ. ಇದಕ್ಕೂ ಇಲ್ಲದಿದ್ದರೆ ನಾನು ಯಾತರ ತಾಯಿ?

ಕೀತ್ ಹತ್ತಿರ ಕೇಳಿದೆ. ಒಳ್ಳೆಯ ಮನುಷ್ಯ, ಒಪ್ಪಿದ. "ಖಂಡಿತ ಅಗಾತಾ, ಆ ಹೊತ್ತಿಗೆ ಬೇರೆ ನರ್ಸಿನ ವ್ಯವಸ್ಥೆ ಮಾಡುವ" ಎಂದ. ನನ್ನ ಪಾಸ್‌ಪೋರ್ಟ್ ಅವನ ಮೇಜಿನ ಡ್ರಾಯರಿನಲ್ಲಿದೆ. ಜೋಪಾನಕ್ಕೆ ಎಂದು ಇಟ್ಟದ್ದು. ಟಿಕೆಟಿನ ಹೊತ್ತಿಗೆ ಕೊಡುತ್ತಾನೆ.

ನೀನು ಕೇಳಿದ್ದಕ್ಕೆ ಉತ್ತರ ಹೇಳಬೇಕು. ಈಗ ನಗು ಬರುವುದಿಲ್ಲ. ಬಂದ ಹಾಗೆ ಮಾಡುತ್ತೇನೆ. ಪಿಕ್ಚರಿನಲ್ಲಿ ಇನ್‌ಸ್ಪೆಕ್ಟರ್ ಗೇಟಿನ ಹತ್ತಿರ ಬರುವಾಗಲೇ ನಾನು ಬಟ್ಟಲು ಕೆಳಗಿಟ್ಟು ತಯಾರಾಗುತ್ತೇನೆ. ಇನ್ನೇನು ನಗಬೇಕು, ಇನ್ನೇನು ನಗಬೇಕು. ಒಮ್ಮೆ ನಗು ಸಣ್ಣದಾಯಿತು. ಅಜ್ಜ ಚಮಚ ತಳ್ಳಿ ನನ್ನ ಮುಖವನ್ನೇ ನೋಡುತ್ತಾ ಕುಳಿತರು. ಮತ್ತೆ ಆ ಭಾಗವನ್ನು ಹಿಂದಕ್ಕೆ ತಿರುಗಿಸಿ ಹಾಕಿ ಜೋರಾಗಿ ನಕ್ಕೆ. ನಂತರ ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡೆ. ಜನವರಿ ಬರಲಿ, ಎರಡು ವಾರವಾದರೂ ಈ ಕೇಕಿನ ಮುಖ ನೋಡದೆ ಇರುತ್ತೇನೆ.

ನಿನ್ನ,
ಅಗಾತಾ

*

ಅಲ್ ಕುಸೈಸ್
27 ಸೆಪ್ಟೆಂಬರ್ 2013

ಮದುಮಗಳ ತಾಯಿಗೆ,

ಸಂತೋಷವಾಯಿತು, ಸಂತೋಷವಾಯಿತು, ಸಂತೋಷವಾಯಿತು. ಮೂರು ಸಲ ಬರೆದಿದ್ದೇನೆ, ಸಿಸ್ಟರ್ ಕೊಡುತ್ತಿದ್ದ ಶಿಕ್ಷೆಯ ಹಾಗೆ. ಮಕ್ಕಳ ರಜೆಗೆ ನಾವೂ ಡಿಸೆಂಬರ್ ಕೊನೆಗೆ ಊರಿಗೆ ಹೋಗುತ್ತೇವೆ. ಇವರಿಗೆ ರಜೆಯಿಲ್ಲ, ನಾನು ಮತ್ತು ಮಕ್ಕಳು. ರೋಸಿಗೆ ಕರೆಯದಿದ್ದರೂ ಬರುವವಳು ನಾನು.

ಬುದ್ಧಿಮಾತು ಹೇಳುವುದು ನನ್ನ ಜಾತಕದಲ್ಲಿಲ್ಲ, ಆದರೂ ಒಂದು ಹೇಳುತ್ತೇನೆ. ಪಾಸ್‌ಪೋರ್ಟನ್ನು ಈಗಲೇ ಕೇಳಿ ತೆಗೆದಿಟ್ಟುಕೋ. ಅದು ನಿನ್ನದು, ಅವರು ಇಟ್ಟುಕೊಳ್ಳುವ ಹಾಗೇ ಇಲ್ಲ. ಒಳ್ಳೆಯ ಮನುಷ್ಯ ಎನ್ನುತ್ತೀ. ಕೆಟ್ಟವರಿಂದ ತಪ್ಪಿಸಿಕೊಂಡು ಓಡಬಹುದು, ಒಳ್ಳೆಯವರ ಕೈಯಿಂದ ಬಿಡಿಸಿಕೊಳ್ಳುವುದೇ ಕಷ್ಟ. ಮತ್ತೆ ನಿನ್ನ ನಗುವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಡಲಿಕ್ಕಾಗುವುದಿಲ್ಲವಾ? ನೀನು ಊರಿಗೆ ಹೋದಾಗ ಅದನ್ನು ಹಾಕಿದರಾಯಿತು. ಟಿವಿಯವರು ಮಾಡುವುದು ಹಾಗೆಯೇ ಅಲ್ಲವಾ, ನಗುವವರು ಯಾರೂ ಇರುವುದಿಲ್ಲ, ನಗು ಮಾತ್ರ ಕೇಳುತ್ತದೆ.

ನಿನ್ನ ಬಿಟ್ಟಿ ಸಲಹೆಗಾರ್ತಿ,
ನಫೀಸ

*

ಬನಿಯಾಸ್
13 ಡಿಸೆಂಬರ್ 2013

ಪ್ರೀತಿಯ ನಫೀಸ,

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ, ಈಗ ಒಟ್ಟಿಗೆ ಎಲ್ಲ ಆಗಿದೆ.

ನಿನ್ನ ರೆಕಾರ್ಡಿನ ಉಪಾಯವನ್ನು ಕೀತ್‌ಗೆ ಹೇಳಿದ್ದೆ. ಅವನಿಗೂ ಇಷ್ಟವಾಯಿತು. ನನ್ನ ನಗುವನ್ನು ರೆಕಾರ್ಡ್ ಮಾಡಿ, ಟಿವಿಯ ಹಿಂದೆ ಸಣ್ಣ ಸ್ಪೀಕರ್ ಇಟ್ಟ. ನಾನು ಅಡುಗೆ ಕೋಣೆಯಲ್ಲಿ ಅಡಗಿದೆ. ಆ ಜಾಗ ಬಂತು, ನಗು ಕೇಳಿತು. ಅಜ್ಜ ಕುರ್ಚಿಯಿಂದ ಎದ್ದರು. ವಾಕರ್ ಹಿಡಿಯಲಿಲ್ಲ. ಟಿವಿಯ ಹಿಂದೆ ಕೈಹಾಕಿ ವಯರುಗಳನ್ನು ಎಳೆದು ಕೂಗಿದರು, "ಐರಿಸ್ ಒಳಗೆ ಸಿಕ್ಕಿಹಾಕಿಕೊಂಡಿದ್ದಾಳೆ! ಯಾರಾದರೂ ಬನ್ನಿ, ಅವಳನ್ನು ಹೊರಗೆ ತೆಗೆಯಿರಿ!" ನಾನು ಓಡಿ ಹೋಗಿ ಹಿಡಿದುಕೊಂಡೆ. ನನ್ನ ಕೆನ್ನೆ ಮುಟ್ಟಿ ನೋಡಿ, ಮಗುವಿನ ಹಾಗೆ ಅತ್ತರು.

ಆಮೇಲೆ ನನ್ನ ಬದಲಿಗೆ ಲೂರ್ದ್ ಎಂಬ ನರ್ಸನ್ನು ಕರೆಸಿದರು. ಒಳ್ಳೆಯ ಹುಡುಗಿ, ಕೆಲಸ ಗೊತ್ತಿರುವವಳು. ನನ್ನನ್ನು ಮೇಲಿನ ಕೋಣೆಯಲ್ಲಿ ಇರಿಸಿ, ಅವಳು ನಾಲ್ಕು ದಿನ ನೋಡಿಕೊಂಡಳು. ಅಜ್ಜ ಏನೂ ತಿನ್ನಲಿಲ್ಲ. ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿದರು, ಅದನ್ನೂ ಕಿತ್ತರು. ಲೂರ್ದ್ ಹೊರಡುವಾಗ, "ಆಂಟಿ, ನಿಮ್ಮನ್ನು ಇವರು ಬಿಡುದಿಲ್ಲ" ಎಂದಳು.

ಕೀತ್ ಬಿಡುವುದಿಲ್ಲ ಎಂದು ಹೇಳಲೇ ಇಲ್ಲ. ಹೇಳಿದ್ದರೆ ಜಗಳವಾಡಬಹುದಿತ್ತು. "ಪಾಸ್‌ಪೋರ್ಟ್ ಡ್ರಾಯರಿನಲ್ಲಿದೆ ಅಗಾತಾ, ನಿನಗೆ ಬೇಕಾದಾಗ ತೆಗೆದುಕೋ. ನಿನ್ನ ಮಗಳ ಮದುವೆ, ನಾನು ತಡೆಯುವವನಲ್ಲ. ಆದರೆ ಅಪ್ಪನಿಗೆ ಏನಾದರೂ ಆದರೆ..." ಎಂದು ನಿಲ್ಲಿಸಿದ. ಆ ನಿಲ್ಲಿಸಿದ್ದು ನನ್ನ ಕುತ್ತಿಗೆಗೆ ಬಿದ್ದಿದೆ.

ಇನ್ನೊಂದು. ಇವತ್ತು ಲವಿಟಾಳಿಗೆ ಫೋನ್ ಮಾಡಿದೆ. ಬರುವುದು ಕಷ್ಟವಾಗಬಹುದೇನೋ ಎಂದು ಸ್ವಲ್ಪವೇ ಬಾಯಿಬಿಟ್ಟೆ. ಅವಳು ಸಿಟ್ಟು ಮಾಡಲಿಲ್ಲ. "ಪರ್ವಾಗಿಲ್ಲ ಮಮ್ಮಿ. ನಿಮಗೆ ಆದ್ರೆ ಬನ್ನಿ. ರೋಸ್ ಜೂಡಿತ್ ಆಂಟಿ ಹಾಕ್ತಾರೆ, ಅವರಿಗೆ ಹೇಳಿ ಆಗಿದೆ" ಎಂದಳು. ಹಾಲಿನ ಪ್ಯಾಕೆಟ್ ತರುವ ವಿಷಯ ಹೇಳಿದ ಹಾಗೆ ಹೇಳಿದಳು. ನನಗೆ ಎದೆ ಒಡೆಯಿತು. ಅದರ ಜೊತೆಗೇ, ನಿನ್ನ ಹತ್ತಿರ ಎಂಥ ಮುಚ್ಚುಮರೆ, ಸ್ವಲ್ಪ ಹಗುರವೂ ಆಯಿತು. ಅಲ್ಲಿ ನನ್ನ ಜಾಗದಲ್ಲಿ ಒಬ್ಬರಿದ್ದಾರೆ. ಇಲ್ಲಿ ಯಾರೂ ಇಲ್ಲ.

ಅಗಾತಾ

*

ಅಲ್ ಕುಸೈಸ್
20 ಡಿಸೆಂಬರ್ 2013

ಅಗಾತಾ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ಸಿಟ್ಟು ಬಂತು.

ಮಗಳು "ಪರ್ವಾಗಿಲ್ಲ" ಎಂದರೆ ಪರವಾಗಿಲ್ಲ ಎಂದು ಅರ್ಥವಾ? ನನ್ನ ಸಬೀನ ದಿನಕ್ಕೆ ಹತ್ತು ಸಲ ಇಂಗ್ಲಿಷಿನಲ್ಲಿ ಅದನ್ನೇ ಹೇಳುತ್ತಾಳೆ. ಹೇಳಿ ಬಾಗಿಲು ಹಾಕಿಕೊಳ್ಳುತ್ತಾಳೆ. ನಾನು ಹೋಗಿ ಬಾಗಿಲು ತಟ್ಟುತ್ತೇನೆ. ತೆರೆಯುವುದಿಲ್ಲ, ಬೈಯುತ್ತಾಳೆ, ಆದರೂ ತಟ್ಟುತ್ತೇನೆ. ತಟ್ಟದೆ ತಿರುಗಿ ಹೋದ ದಿನ ಅವಳು ಊಟಕ್ಕೆ ಬರಲಿಲ್ಲ.

ಅಜ್ಜನ ಮೇಲೆ ನನಗೆ ಕನಿಕರ ಇಲ್ಲದಿಲ್ಲ. ಆದರೆ ಅವರಿಗೆ ಬೇಕಾದದ್ದು ಐರಿಸ್. ಲವಿಟಾಳಿಗೆ ಬೇಕಾದದ್ದು ನೀನು. ಯಾರದೋ ಸತ್ತ ಹೆಂಡತಿಯಾಗಿ ಎಷ್ಟು ದಿನ ಕುಳಿತಿರುತ್ತೀ? ಡ್ರಾಯರಿಗೆ ಬೀಗವಿಲ್ಲ ಎಂದು ನೀನೇ ಬರೆದ ಹಾಗಾಯಿತು. ಇನ್ನು ಯಾರನ್ನು ದೂರುವುದು? ನಾಳೆಯೇ ತೆಗೆ. ವ್ಯಾನಿನಲ್ಲಿ ಕುಳ್ಳಿರಿಸಿ ಏರ್‌ಪೋರ್ಟಿಗೆ ಬಿಡಲಿಕ್ಕೆ ಇವರು ತಯಾರಿದ್ದಾರೆ. "ನೀರಿನ ಬಾಟಲಿಗಳ ಮಧ್ಯೆ ಕೂರ್ಲಿಕ್ಕೆ ಅವರಿಗೆ ತೊಂದರೆ ಇಲ್ಲದಿದ್ರೆ ಯಲ್ಲಾ, ಈಗಲೇ ಹೋಗುವ" ಎನ್ನುತ್ತಾರೆ.

ನಾನು ಇಪ್ಪತ್ತಾರಕ್ಕೆ ಹೊರಡುತ್ತೇನೆ. ರೋಸಿನ ಚಪ್ಪರದಲ್ಲಿ ನಿನ್ನನ್ನು ನೋಡದಿದ್ದರೆ ನಮ್ಮ ಗೆಳೆತನ ಮಾಫಿ, ಇನ್ನಿಲ್ಲ.

ನಫೀಸ

*

ಬನಿಯಾಸ್
2 ಜನವರಿ 2014

ನಫೀಸ,

ಈ ಪತ್ರವನ್ನು ಅಬ್ದುಲ್ ಸಲಾಂ ಅವರು ಊರಿಗೆ ಹೋಗುವ ಒಬ್ಬರ ಕೈಯಲ್ಲಿ ಕಳಿಸುತ್ತಾರಂತೆ.

ಡ್ರಾಯರ್ ತೆರೆದೆ. ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದೆ. ಅಷ್ಟರಲ್ಲಿ ಅಜ್ಜ ಒಳಗಿನಿಂದ ಕರೆದರು, ಪಿಕ್ಚರಿಗೆ ಹೊತ್ತಾಯಿತು ಎಂದು. ಹೋಗಿ ಪಕ್ಕದಲ್ಲಿ ಕುಳಿತೆ. ನಕ್ಕೆ. ಊಟ ಮಾಡಿಸಿದೆ. ಪಾಸ್‌ಪೋರ್ಟನ್ನು ವಾಪಸು ಇಟ್ಟು ಬಂದೆ. ಆಗಲಿಲ್ಲ ನಫೀಸ, ನನ್ನಿಂದ ಆಗಲಿಲ್ಲ.

ಈಸ್ಟರಿಗೆ ಕಳಿಸುತ್ತೇನೆ ಎಂದು ಕೀತ್ ಹೇಳಿದ್ದಾನೆ. ಲವಿಟಾಳಿಗೆ ಇನ್ನೂ ಗಟ್ಟಿಯಾಗಿ ಹೇಳಿಲ್ಲ. ನಾಳೆ ಶುಕ್ರವಾರ, ಹೇಳಬೇಕು. ನೀನು ರೋಸಿಗೆ ಹೋಗು. ಹೇಗಾಯಿತು ಎಂದು ಬರೆ. ಒಂದನ್ನೂ ಬಿಡದೆ ಬರೆ.

ಅಗಾತಾ

*

ಕಿನ್ನಿಗೋಳಿ
9 ಜನವರಿ 2014

ಅಗಾತಾ,

ಒಂದನ್ನೂ ಬಿಡದೆ ಬರೆ ಎಂದೆ. ಬರೆಯುತ್ತೇನೆ. ಫೋನ್ ಮಾಡಬಹುದಿತ್ತು, ಆದರೆ ನೀನು "ಸರಿ, ಸರಿ" ಎಂದು ಇಟ್ಟುಬಿಡುತ್ತಿದ್ದೆ. ಪತ್ರವನ್ನಾದರೆ ಕೊನೆಯವರೆಗೆ ಓದುತ್ತೀ.

ಚಪ್ಪರ ಚಂದ ಕಟ್ಟಿದ್ದರು. ನಾನು ಬುರ್ಖಾ ಹಾಕಿಕೊಂಡು ಹೋದದ್ದಕ್ಕೆ ಗೇಟಿನಲ್ಲಿ ಒಬ್ಬರು ಯಾರು ಬೇಕಿತ್ತು ಎಂದು ಕೇಳಿದರು. ಅಗಾತಾಳ ಗೆಳತಿ ಎಂದೆ. ಆ ಮಾತು ಒಳಗೆ ಮುಟ್ಟಿತೇನೋ, ನಿನ್ನ ಮಗಳು ಎದ್ದು ಹೊರಗೆ ಬಂದಳು. ನನ್ನ ಹಿಂದೆ ನೋಡಿದಳು. ನಾನೊಬ್ಬಳೇ ಎಂದು ಗೊತ್ತಾದ ಮೇಲೆ ನಕ್ಕು, "ಬನ್ನಿ ಆಂಟಿ, ಕುಳಿತುಕೊಳ್ಳಿ" ಎಂದಳು.

ಅವಳನ್ನು ಕುಳ್ಳಿರಿಸಿದರು. ಹೆಂಗಸರು ಹಾಡಿದರು. ನಿಮ್ಮ ಹಿರಿಯರು ಗುರಿಕಾರರು ತೆಂಗಿನ ಹಾಲಿನ ಪಾತ್ರೆ ತಂದು, "ಮೊದಲು ಹಾಕುವವರು ಬನ್ನಿ" ಎಂದರು. ಜೂಡಿತ್ ಎದ್ದಳು. ಲವಿಟಾ ಕೈ ಅಡ್ಡ ಹಿಡಿದು, "ಸ್ವಲ್ಪ ನಿಲ್ಲಿ ಆಂಟಿ. ಮಂಗಳೂರಿಗೆ ಸಂಜೆಯ ಫ್ಲೈಟ್ ಬಂದಿರ್ಬೇಕು. ಮಮ್ಮಿಗೆ ಹೇಳದೆ ಬರುವ ಬುದ್ಧಿ ಉಂಟು" ಎಂದಳು. ನೀನು ಬರುವುದಿಲ್ಲ ಎಂದು ಶುಕ್ರವಾರ ಹೇಳಿದ್ದೀ, ಅವಳು ಹೌದು ಹೌದು ಎಂದಿದ್ದಾಳೆ. ನಂಬಿರಲಿಲ್ಲ.

ಎಲ್ಲರೂ ಕಾದರು. ಹಾಡು ಮುಗಿದು ಮತ್ತೆ ಮೊದಲಿನಿಂದ ಹಾಡಿದರು. ರಸ್ತೆಯಲ್ಲಿ ಕಾರು ಹೋದಾಗಲೆಲ್ಲ ಅವಳು ಕತ್ತು ತಿರುಗಿಸುತ್ತಿದ್ದಳು. ಕೊನೆಗೆ ಜೂಡಿತ್ ಅವಳ ತಲೆ ಸವರಿ, "ಸಾಕು ಬಾಯ್, ಸಾಕು ಮಗಳೇ" ಎಂದಳು. ಜೂಡಿತ್‌ಳನ್ನು ದೂರಬೇಡ. ಪಾತ್ರೆ ಎತ್ತುವ ಮೊದಲು ಅವಳೂ ಒಮ್ಮೆ ಗೇಟಿನ ಕಡೆ ನೋಡಿದಳು. ಹಾಲು ಸುರಿದಾಗ ಲವಿಟಾ ಕಣ್ಣು ಮುಚ್ಚಿಕೊಂಡಿದ್ದಳು. ಹಾಲು ಯಾವುದು ಕಣ್ಣೀರು ಯಾವುದು ಎಂದು ಯಾರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು.

ಮದುವೆ ನಿನ್ನೆ ಚೆನ್ನಾಗಿ ಆಯಿತು. ಹುಡುಗ ಒಳ್ಳೆಯವನು.

ಸಿಟ್ಟಿನಿಂದ ಬರೆದದ್ದಲ್ಲ. ನಿನಗೆ ಗೊತ್ತಿರಬೇಕು ಎಂದು ಬರೆದೆ.

ನಫೀಸ

*

ಬನಿಯಾಸ್
24 ಜನವರಿ 2014

ನಫೀಸ,

ನಿನ್ನ ಪತ್ರ ಸಿಕ್ಕಿತು. ಅಬ್ದುಲ್ ಸಲಾಂ ಅವರು ಕೊಟ್ಟು, ಯಾವತ್ತಿನ ಹಾಗೆ ತಮಾಷೆ ಮಾಡದೆ, ಬಾಟಲಿಯನ್ನು ಹೆಗಲ ಮೇಲೆ ಹೊತ್ತು ತಂದು ಇಟ್ಟು ಹೋದರು. ಅವರಿಗೂ ಗೊತ್ತಿತ್ತು ಎಂದು ಕಾಣುತ್ತದೆ.

ಅಡುಗೆ ಕೋಣೆಯಲ್ಲೇ ನಿಂತು ಓದಿದೆ. ಸಂಜೆಯಾಯಿತು, ಅಜ್ಜ ಕರೆದರು. ಪಿಕ್ಚರ್ ಹಾಕಿದೆ, ಪಕ್ಕದಲ್ಲಿ ಕುಳಿತೆ, ಸೂಪಿನ ಬಟ್ಟಲು ಮಡಿಲಲ್ಲಿಟ್ಟುಕೊಂಡೆ. ಇನ್‌ಸ್ಪೆಕ್ಟರ್ ಗೇಟಿಗೆ ಬಂದ. ಡಬ್ಬಿ ಎತ್ತಿಕೊಂಡ. ಮದುವೆ ಮನೆಯ ಬಾಗಿಲಲ್ಲಿ ಆ ಹುಡುಗಿ ಯಾರದೋ ದಾರಿ ಕಾಯುತ್ತಾ ನಿಂತಿರುತ್ತಾಳೆ. ಇಷ್ಟು ಸಲ ನೋಡಿದರೂ ನಾನು ಅವಳ ಮುಖವನ್ನು ನೋಡಿಯೇ ಇರಲಿಲ್ಲ. ನನಗೆ ನಗಲಾಗಲಿಲ್ಲ. ಅಳು ಬಂತು. ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲಲಿಲ್ಲ. ಇನ್ನು ಅಜ್ಜ ಚಮಚ ತಳ್ಳುತ್ತಾರೆ, ಕೂಗುತ್ತಾರೆ ಎಂದು ಹೆದರಿ ಕುಳಿತೆ.

ಅಜ್ಜ ಕೂಗಲಿಲ್ಲ. ನನ್ನ ಮೊಣಕಾಲ ಮೇಲೆ ಕೈ ಇಟ್ಟರು. ಇಂಗ್ಲಿಷಿನಲ್ಲಿ ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ: "ನಿನಗೂ ಸಾಕಾಯಿತಾ? ಅಬ್ಬ, ಒಳ್ಳೆಯದಾಯಿತು. ನನಗೆ ಇದು ಎಂದೋ ಸಾಕಾಗಿತ್ತು. ನೀನು ಅಷ್ಟು ನಗುತ್ತಿದ್ದೆಯಲ್ಲ, ಈ ಮರಳುಗಾಡಿನಲ್ಲಿ ಪಾಪ ನಿನಗೆ ಬೇರೇನಿದೆ ಎಂದು ದಿನಾ ಹಾಕಿಸುತ್ತಿದ್ದೆ."

ಟಿವಿ ಆರಿಸಿದೆ. ಸ್ವಲ್ಪ ಹೊತ್ತಿಗೆ ಅವರು ತಾವೇ ಚಮಚ ತೆಗೆದುಕೊಂಡು ಸೂಪು ಕುಡಿದರು. ಬ್ರೆಡ್ಡು ತಿಂದರು. ಮರುದಿನವೂ ಹಾಗೆಯೇ, ಅದರ ಮರುದಿನವೂ. ಪಿಕ್ಚರ್ ಕೇಳಲಿಲ್ಲ, ನಗು ಕೇಳಲಿಲ್ಲ. ನಿನ್ನೆ ಲೂರ್ದ್ ಬಂದು ಊಟ ಮಾಡಿಸಿದಳು, ಅವಳ ಕೈಯಿಂದಲೂ ತಿಂದರು.

ಕೀತ್ ತಾನೇ ಪಾಸ್‌ಪೋರ್ಟ್ ತಂದುಕೊಟ್ಟ, ಟಿಕೆಟ್ ಸಹ. ಭಾನುವಾರ ಹೊರಡುತ್ತೇನೆ. ಯಾರೂ ತಡೆಯುವವರಿಲ್ಲ. ಹೋಗಿ ಲವಿಟಾಳ ಎದುರು ನಿಲ್ಲಬೇಕು, ನೀವು ಯಾಕೆ ಬರಲಿಲ್ಲ ಎಂದು ಅವಳು ಕೇಳಬೇಕು, ನಾನು ಉತ್ತರ ಹೇಳಬೇಕು. ಮುದುಕರೊಬ್ಬರ ಜೀವ ನನ್ನ ಕೈಯಲ್ಲಿತ್ತು ಮಗಾ ಎನ್ನಬೇಕೆಂದು ಇಷ್ಟು ದಿನ ಮನಸ್ಸಿನಲ್ಲೇ ಹೇಳಿ ಹೇಳಿ ಕಲಿತಿದ್ದೆ. ಈಗ ಅದನ್ನೂ ಹೇಳುವ ಹಾಗಿಲ್ಲ ನಫೀಸ.

ಅಗಾತಾ